ಈ ತಿಂಗಳ ಕ್ಲಬ್ ಸುದ್ದಿ ಅಂದ್ರೆ ಕೆಜಿಎಫ್ ಒಂದೇ

ನಮ್ ಫುಟ್‌ಬಾಲ್ ಕ್ಲಬ್‌ದು ತಿಂಗಳ ಸುದ್ದಿ ಬರಿಯೋ ಸರದಿ ಈ ಸಲ ನಂದು. ಮಾಮೂಲಿ ಸುದ್ದಿ ಮೊದ್ಲು ಮುಗಿಸಿಬಿಡ್ತೀನಿ. ಅಂಡರ್ 8 ಬ್ಯಾಚ್‌ಗೆ ಹೊಸ ಮಕ್ಕಳು ಸೇರಿದಾರೆ, ಅರ್ಧ ಜನಕ್ಕೆ ಇನ್ನೂ ಶೂ ಲೇಸ್ ಕಟ್ಕೊಳಕ್ಕೆ ಬರಲ್ಲ, ಕೋಚ್ ಸರ್ ಪ್ರಾಕ್ಟೀಸ್‌ನಲ್ಲಿ ಮೊದಲ ಹತ್ತು ನಿಮಿಷ ಅದೇ ಕೆಲಸ ಮಾಡ್ತಾರೆ. ಗೋಲ್ ನೆಟ್ ಹೊಸದು ಬಂದಿದೆ. ಮಳೆ ಬಂದ ಎರಡು ಸಂಜೆ ಪ್ರಾಕ್ಟೀಸ್ ರದ್ದಾಯ್ತು. ಫೀಸ್ ಬಾಕಿ ಇರೋರು ದಯವಿಟ್ಟು ಕಟ್ಟಿ. ಇಷ್ಟೇ. ಇನ್ನು ಉಳಿದಿದ್ದೆಲ್ಲ ಕೆಜಿಎಫ್ ಬಗ್ಗೆ (ಸಿನಿಮಾ ಅಲ್ಲ, ಕೋಲಾರದ ಚಿನ್ನದ ಗಣಿ ಊರು), ಉದ್ದ ಆಯ್ತು ಅಂತ ಬೈಬೇಡಿ.

ಅಂಡರ್ 12 ಮಕ್ಕಳಿಗೆ ಕೆಜಿಎಫ್‌ನಲ್ಲಿ ಒಂದು ಸೆವೆನ್ಸ್ (ಟೀಮಿಗೆ ಏಳೇ ಜನ ಆಡೋದು) ಟೂರ್ನಮೆಂಟ್ ಇದೆ ಅಂತ ಕೋಚ್ ಸರ್ ಹೇಳಿದಾಗ ನಾವು ಪೇರೆಂಟ್ಸ್ ಎಲ್ಲ ಮುಖ ಮುಖ ನೋಡ್ಕೊಂಡ್ವಿ. ತುಮಕೂರಿಂದ ಅಲ್ಲಿಗೆ ಹತ್ತಿರ ಹತ್ತಿರ ನೂರೆಪ್ಪತ್ತು ಕಿಲೋಮೀಟರ್. ಬೆಂಗಳೂರಲ್ಲೇ ವಾರಕ್ಕೊಂದು ಟೂರ್ನಮೆಂಟ್ ನಡೀತಿರುತ್ತೆ, ಅಷ್ಟು ದೂರ ಯಾಕೆ ಅಂತ ನಾನೇ ಕೇಳಿದ್ದು. "ಬೆಂಗಳೂರಲ್ಲಿ ಟರ್ಫ್ ಸಿಗುತ್ತೆ ಮೇಡಂ, ಅಲ್ಲಿ ಮೈದಾನ ಸಿಗುತ್ತೆ" ಅಂದ್ರು. ನನಗೆ ಅರ್ಥ ಆಗ್ಲಿಲ್ಲ, ಆದ್ರೆ ಮಗಳು ಆಗ್ಲೇ ಬ್ಯಾಗ್ ತುಂಬೋಕೆ ಶುರು ಮಾಡಿದ್ಲು.

ಬೆಳಿಗ್ಗೆ ಐದಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಹೊರಡ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಪಾರ್ಸಲ್ ಕಟ್ಟಿಸ್ಕೊಳೋಣ ಅಂದ್ರೆ ಆ ಹೊತ್ತಿಗೆ ಶಟರ್ ಎತ್ತಿರ್ಲಿಲ್ಲ, ಅಲ್ಲೇ ಮೂಡ್ ಹಾಳಾಯ್ತು. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆ. ಬೆಂಗಳೂರು ಒಳಗೆ ಕಾಲೇ ಇಡ್ದೆ ಹೋಗ್ಬೋದು, ಈ ರಿಂಗ್ ರೋಡ್ ಮಾಡಿದೋರಿಗೆ ಪುಣ್ಯ ಬರ್ಲಿ. ಹೈವೇ ಪಕ್ಕದ ಫುಡ್ ಕೋರ್ಟ್ ಒಂದ್ರಲ್ಲಿ ತಿಂಡಿಗೆ ನಿಲ್ಲಿಸಿದ್ವಿ, ಕಾಫಿ ನೋಡಿದ್ರೆ ಪೇಪರ್ ಕಪ್‌ನಲ್ಲಿ ಅರ್ಧ ನೊರೆ, ರೇಟು ನಮ್ಮೂರಲ್ಲಿ ಮಸಾಲೆ ದೋಸೆಗೆ ಕೊಡೋಷ್ಟು. ಮಕ್ಕಳು ಮಾತ್ರ ಖುಷಿಯಾಗಿ ಚಿಪ್ಸ್ ತಿಂದ್ವು, ಮ್ಯಾಚ್ ದಿನ ಚಿಪ್ಸ್ ಬೇಡ ಅಂತ ಕೋಚ್ ಸರ್ ಹೇಳಿದ್ದು ಯಾರ ಕಿವಿಗೂ ಬೀಳ್ಲಿಲ್ಲ. ನರಸಾಪುರ, ಕೋಲಾರ, ಬಂಗಾರಪೇಟೆ ಎಲ್ಲ ಕಿಟಕಿಯಲ್ಲೇ ನೋಡಿದ್ದು.

ಕೆಜಿಎಫ್ ಹತ್ರ ಬಂದ ತಕ್ಷಣ ದೂರದಲ್ಲಿ ಬೂದಿ ಬಣ್ಣದ ಗುಡ್ಡಗಳು ಕಾಣ್ಸುತ್ವೆ, ಮೇಲೆ ಚಪ್ಪಟೆ, ಮಳೆ ನೀರು ಇಳಿದು ಇಳಿದು ಮೈಯೆಲ್ಲ ಸೀಳು. ಅವು ಗುಡ್ಡ ಅಲ್ಲ, ಸೈನೈಡ್ ದಿಬ್ಬ. ಅದಿರು ಪುಡಿ ಮಾಡಿ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನ ನೂರು ವರ್ಷದ ಮೇಲಿಂದ ಅಲ್ಲೇ ಸುರಿದಿದ್ದು. ಟಿಟಿಯಲ್ಲಿದ್ದ ಹುಡುಗರೆಲ್ಲ ಒಟ್ಟಿಗೆ ಸಿನಿಮಾ ಡೈಲಾಗ್ ಶುರು ಹಚ್ಕೊಂಡ್ರು, ಊರು ಮುಟ್ಟೋವರೆಗೂ ನಿಲ್ಲಿಸ್ಲಿಲ್ಲ.

ಈಗ ಹೊಟ್ಟೆ ಉರಿದ ವಿಷಯ. ಮೈದಾನದಲ್ಲಿ ಹೆಸರು ಬರೆಸೋ ಟೇಬಲ್ ಹತ್ರ ಹೋದ್ರೆ ಬರ್ತ್ ಸರ್ಟಿಫಿಕೇಟ್ ಒರಿಜಿನಲ್ ತೋರ್ಸಿ ಅಂದ್ರು. ಅವರೇ ಕಳಿಸಿದ್ದ ಮೆಸೇಜ್‌ನಲ್ಲಿ ಆಧಾರ್ ಜೆರಾಕ್ಸ್ ಸಾಕು ಅಂತ ಇತ್ತು, ಫೋನಲ್ಲಿ ತೆಗ್ದು ತೋರಿಸ್ದೆ. "ಅದು ಹಳೇ ಮೆಸೇಜ್ ಮೇಡಂ." ಹೊಸ ಮೆಸೇಜ್ ಎಲ್ಲಿ ಅಂದ್ರೆ ಉತ್ತರ ಇಲ್ಲ. ಮಿಕ್ಕ ಮಕ್ಕಳನ್ನ ಹೆಂಗೋ ಬಿಟ್ರು, ನಮ್ ಸ್ಟಾಪರ್ ಬ್ಯಾಕ್ (ಗೋಲ್ ಮುಂದೆ ನಿಂತು ತಡೆಯೋನು) ಹುಡುಗನ್ನ ಮಾತ್ರ ಬಿಡ್ಲೇ ಇಲ್ಲ, ಯಾಕಂದ್ರೆ ಅವನು ಹನ್ನೊಂದು ವರ್ಷಕ್ಕೇ ನನ್ನ ಭುಜ ದಾಟಿದಾನೆ. ಉದ್ದ ಬೆಳೆದಿದ್ದೇ ತಪ್ಪಾಯ್ತು. ವಯಸ್ಸಿನ ಮೋಸ ಮಕ್ಕಳ ಫುಟ್‌ಬಾಲ್‌ನಲ್ಲಿ ದೊಡ್ಡ ಪಿಡುಗು ಅಂತ ನನಗೂ ಗೊತ್ತು, ಚೆಕ್ ಮಾಡ್ಲಿ, ಬೇಡ ಅನ್ನಲ್ಲ, ಆದ್ರೆ ಮುಂಚೆನೇ ಹೇಳ್ಬೇಕಲ್ವಾ? ಅವರಮ್ಮ ತುಮಕೂರಲ್ಲಿ, ಸರ್ಟಿಫಿಕೇಟ್ ಬೀರುವಲ್ಲಿ. ಇನ್ಮೇಲೆ ಎಲ್ಲರೂ ಕೇಳಿ: ಯಾವ ಟೂರ್ನಮೆಂಟ್ ಆಗ್ಲಿ, ಏನೇ ಮೆಸೇಜ್ ಬರ್ಲಿ, ಪಾಲಿಕೆಯ ಬರ್ತ್ ಸರ್ಟಿಫಿಕೇಟ್ ಒರಿಜಿನಲ್, ಆಧಾರ್ ಒರಿಜಿನಲ್, ಸ್ಕೂಲ್ ಐಡಿ, ಮೂರೂ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಇಟ್ಕೊಂಡೇ ಟಿಟಿ ಹತ್ಬೇಕು. ಇನ್ನೊಂದು, ಬ್ಲೇಡ್ ಸ್ಟಡ್ ಇರೋ ಬೂಟ್ ಅಲ್ಲಿಗೆ ಬೇಡ. ನೆಲ ಗಟ್ಟಿ, ಮೇಲೆ ಸಣ್ಣ ಜಲ್ಲಿ, ತಿರುಗಿದ್ರೆ ಜಾರುತ್ತೆ. ಚಿಕ್ಕ ರಬ್ಬರ್ ಸ್ಟಡ್ ಇರೋ ಟರ್ಫ್ ಶೂ ಸಾಕು. ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇರ್ಲಿಲ್ಲ, ಎದುರು ಲೈನ್ ಮನೆಯವರೊಬ್ರು (ಗಣಿ ಕೆಲಸದೋರ ಸಾಲು ಮನೆ) ಬಾಗಿಲು ತೆಗೆದು ಒಳಗೆ ಕರೆದ್ರು, ಆ ತಾಯಿಗೆ ಸಾವಿರ ನಮಸ್ಕಾರ.

ಇಷ್ಟೆಲ್ಲ ರಗಳೆ ಆದ್ಮೇಲೂ ಯಾಕೆ ಬರೀತಿದೀನಿ ಅಂದ್ರೆ ಆ ಮೈದಾನದ ಸುತ್ತ ನಿಂತಿದ್ದ ಜನಕ್ಕೋಸ್ಕರ.

ನಮ್ಮೂರಲ್ಲಿ ಹೆಂಗೆ ಅಂತ ನಿಮಗೇ ಗೊತ್ತು. ಜೂನಿಯರ್ ಕಾಲೇಜ್ ಮೈದಾನದಲ್ಲಿ ಮಕ್ಕಳು ಆಡ್ತಿದ್ರೆ ನೋಡೋಕೆ ಇರೋದು ನಾವು ಅಪ್ಪ ಅಮ್ಮಂದಿರು ಮಾತ್ರ, ಅದ್ರಲ್ಲೂ ಅರ್ಧ ಜನ ಫೋನಲ್ಲಿ. ವಾಕಿಂಗ್ ಬಂದೋರು ಒಂದ್ನಿಮಿಷ ನಿಂತು "ಇವತ್ತು ಕ್ರಿಕೆಟ್ ಇಲ್ವಾ?" ಅಂತ ಕೇಳಿ ಹೋಗ್ತಾರೆ. ಅಲ್ಲಿ ನೋಡಿದ್ರೆ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಮ್ಯಾಚ್‌ಗೆ ಮೈದಾನದ ಸುತ್ತ ಜನ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಕೂತ ಅಜ್ಜಿಯರು, ಬೈಕ್ ಮೇಲೆ ಕೂತ ಹುಡುಗರು, ಪಂಚೆ ಉಟ್ಟ ಮುದುಕರು. ಸುಮ್ನೆ ಕೂಗೋದಲ್ಲ. "ಆ ಕಡೆ ಖಾಲಿ ಇದೆ, ತಿರುಗ್ಸು", "ಲಿಂಕ್‌ಮ್ಯಾನ್ ಹಿಂದೆ ಬಾ" (ಮಧ್ಯದಲ್ಲಿ ಆಡೋನಿಗೆ ಹೇಳೋದು) ಅಂತ ತಮಿಳು, ಕನ್ನಡ, ಇಂಗ್ಲಿಷ್ ಮೂರೂ ಕಲಸಿ ಹೇಳ್ತಿದ್ರು. ನನ್ನ ಮಗಳು ರೈಟ್ ಬ್ಯಾಕ್, ಒಂದು ಸಲ ಎದುರಾಳಿ ಕಾಲಿಂದ ಬಾಲ್ ಕಿತ್ಕೊಂಡು ಸುಮ್ನೆ ಹೊರಗೆ ಒದೀದೆ ನಿಧಾನಕ್ಕೆ ಪಕ್ಕದೋಳಿಗೆ ಪಾಸ್ ಕೊಟ್ಲು. ಎದುರು ಟೀಮ್ ಅವರೂರದ್ದೇ, ಆದ್ರೂ ಚಪ್ಪಾಳೆ ಬಂತು. ಗೋಲ್‌ಗಲ್ಲ, ಒಂದು ಪಾಸ್‌ಗೆ. ಮಗಳು ಆಟ ಮರೆತು ತಿರುಗಿ ನೋಡಿದ್ಲು, ಯಾರಿಗೆ ಹೊಡೀತಿದಾರೆ ಅಂತ.

ಆ ಮ್ಯಾಚ್ ನಾವು ನಾಲ್ಕು ಗೋಲ್‌ನಿಂದ ಸೋತ್ವಿ, ಅದೇನೂ ದೊಡ್ಡದಲ್ಲ ಬಿಡಿ.

ಆಡೋಕೆ ಬಿಡದ ನಮ್ ಸ್ಟಾಪರ್ ಹುಡುಗ ಜರ್ಸಿ ಹಾಕ್ಕೊಂಡೇ ಬೇವಿನ ಮರದ ಕೆಳಗೆ ಒಬ್ನೇ ಕೂತಿದ್ದ. ಸಮಾಧಾನ ಮಾಡೋಣ ಅಂತ ಹೋದ್ರೆ ಅವನ ಪಕ್ಕ ಆಗ್ಲೇ ಒಬ್ರು ಅಜ್ಜ ಕೂತು ಮಾತಾಡಿಸ್ತಿದ್ರು. ಎಪ್ಪತ್ತರ ಆಸುಪಾಸು, ತಲೆಗೆ ಮಫ್ಲರ್, ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ವು.

"ಏನಮ್ಮಾ, ತುಮ್ಕೂರಾ? ಈ ಹುಡುಗನ್ನ ಯಾಕೆ ಕೂರ್ಸಿದೀರ, ಇವನ ಕಾಲು ನೋಡಿ, ಇದು ಆಡೋ ಕಾಲು" ಅಂದ್ರು. ಸರ್ಟಿಫಿಕೇಟ್ ಕಥೆ ಹೇಳ್ದೆ. ನಕ್ಕರು. "ನಮ್ ಕಾಲದಲ್ಲಿ ಹಲ್ಲು ನೋಡಿ ವಯಸ್ಸು ಹೇಳ್ತಿದ್ರು."

ನೀವೂ ಆಡ್ತಿದ್ರಾ ಅಂಕಲ್ ಅಂತ ಕೇಳಿದ್ದೇ ತಡ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸ, ಶಿಫ್ಟ್ ಮುಗಿಸಿ ಮೇಲೆ ಬಂದ್ರೆ ನೇರ ಮೈದಾನಕ್ಕೆ. ಅವರಪ್ಪನೂ ಅದೇ ಗಣಿ, ಅದೇ ಮೈದಾನ, ಅಪ್ಪ ಬರಿಗಾಲಲ್ಲಿ ಆಡ್ತಿದ್ದೋರಂತೆ. ಇವರಿಗೆ ಬೂಟ್ ಸಿಕ್ಕಿದ್ದು ದೊಡ್ಡೋರಾದ ಮೇಲೆ, ಅದೂ ಸೆಕೆಂಡ್ ಹ್ಯಾಂಡ್, ಒಂದು ಸೈಜ್ ದೊಡ್ಡದು, ಮುಂದೆ ಬಟ್ಟೆ ತುರುಕಿ ಹಾಕ್ಕೊಂಡ್ರಂತೆ. ಇಂಗ್ಲಿಷ್‌ನೋರ ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದಾಗ ಗಣಿ ಜೊತೆ ಕ್ಲಬ್ಬು, ಆಟ ಎಲ್ಲ ಬಂತು, ಹೊಟ್ಟೆಪಾಡಿಗೆ ಬಂದ ಕೂಲಿಯೋರು ಚೆಂಡನ್ನ ತಮ್ದು ಮಾಡ್ಕೊಂಡ್ರು ಅಂತ ಅಜ್ಜನ ಲೆಕ್ಕ.

ಗಣಿ ಒಳಗೆ ಹೆಂಗಿರ್ತಿತ್ತು ತಾತ ಅಂತ ಹುಡುಗ ಕೇಳ್ದ. ಅಜ್ಜ ಮೈದಾನದ ಆ ತುದಿ ಗೋಲ್‌ಪೋಸ್ಟ್ ತೋರಿಸಿದ್ರು. "ಇಲ್ಲಿಂದ ಅಲ್ಲಿಗೆ ನೂರು ಮೀಟರ್ ಅನ್ಕೋ. ಹಂಗೆ ಮೂವತ್ತೆರಡು ಮೈದಾನ ಒಂದರ ಕೆಳಗೆ ಒಂದು ನಿಲ್ಸು. ಅಷ್ಟು ಕೆಳಗೆ." ಹುಡುಗ ಸ್ವಲ್ಪ ಹೊತ್ತು ನೆಲನೇ ನೋಡ್ದ. ಅಲ್ಲಿ ಬಂಡೆ ಮುಟ್ಟಿದ್ರೆ ಕೈ ಸುಡ್ತಿತ್ತಂತೆ. ಆಗಾಗ ಬಂಡೆ ತಾನಾಗೇ ಸಿಡಿಯೋದು, ಆಗ ಮೇಲೆ ಮನೇಲಿ ಪಾತ್ರೆ ಎಲ್ಲ ಗಡಗಡ ಅನ್ನೋವು, ಹೆಂಗಸ್ರು ಒಲೆ ಮೇಲಿನ ಅನ್ನ ಬಿಟ್ಟು ಶಾಫ್ಟ್ (ಗಣಿಗೆ ಇಳಿಯೋ ಬಾವಿ) ಹತ್ರ ಓಡೋರು. ಬೆರಳು ಹೋಗಿದ್ದು ಹಂಗೇನಾ ಅಂತ ಕೇಳೋ ಧೈರ್ಯ ನನಗೆ ಬರ್ಲಿಲ್ಲ, ಹುಡುಗ ಕೇಳೇಬಿಟ್ಟ. "ಅಯ್ಯೋ ಇಲ್ಲ ಕಣ್ಣಾ, ಅದು ಬಂಗಾರಪೇಟೆಯಲ್ಲಿ ಬಸ್ ಬಾಗಿಲು" ಅಂದ್ರು. ಮೂರೂ ಜನ ನಕ್ಕಿದ್ದಕ್ಕೆ ರೆಫರಿನೇ ತಿರುಗಿ ನೋಡಿದ್ರು.

ನನಗೂ ಏನೋ ಗೊತ್ತು ಅಂತ ತೋರಿಸ್ಕೊಳೋಕೆ 2023ರಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ (ರಾಜ್ಯ ರಾಜ್ಯಗಳ ಫುಟ್‌ಬಾಲ್ ಕಪ್ಪು) ಗೆದ್ದ ವಿಷಯ ತೆಗ್ದೆ. "ರಿಯಾದ್‌ನಲ್ಲಿ, ಮೇಘಾಲಯ ಮೇಲೆ, ಮೂರು ಎರಡು" ಅಂತ ನನಗಿಂತ ಮುಂಚೆ ಅವರೇ ಹೇಳಿದ್ರು. ಅದಕ್ಕೆ ಮುಂಚಿನ ಕಪ್ಪು 1968-69ರದ್ದು, ಆಗಿನ್ನೂ ಮೈಸೂರು ಟೀಮ್ ಅಂತ ಹೆಸರು. ಇವರು ಆಗ ಹುಡುಗ, ಟೀ ಅಂಗಡೀಲಿ ಯಾರೋ ಪೇಪರ್ ಜೋರಾಗಿ ಓದಿದ್ರಂತೆ, ಓದಿ ಮುಗಿಯೋ ಹೊತ್ತಿಗೆ ಅಂಗಡಿ ಮುಂದೆ ರೋಡೇ ಕಾಣ್ತಿರ್ಲಿಲ್ಲವಂತೆ. ಐವತ್ನಾಲ್ಕು ವರ್ಷ ಕಾದೆ ಅಂತ ಬೆರಳು ಎಣಿಸದೇನೇ ಹೇಳಿದ್ರು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅದನ್ನ ಹೇಳೋವಾಗ ದನಿ ಏನೂ ಬದಲಾಗ್ಲಿಲ್ಲ, ಹೇಳಿ ಹೇಳಿ ರೂಢಿ ಆಗಿರ್ಬೇಕು. "ಈಗ ನೋಡಮ್ಮಾ, ಬೆಳಿಗ್ಗೆ ಕತ್ತಲಲ್ಲೇ ಮಾರಿಕುಪ್ಪಂ ಟ್ರೇನು. ಊರಿನ ಅಪ್ಪಂದಿರೆಲ್ಲ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ, ಬರೋದು ರಾತ್ರಿ. ಸಂಜೆ ಮಕ್ಕಳು ಆಡ್ತಾವೆ. ಯಾರಾದ್ರೂ ನೋಡ್ಬೇಕಲ್ಲ? ನೋಡೋರಿಲ್ದೆ ಆಡಿದ್ರೆ ಅದು ಬರೀ ಓಡಾಟ. ಅದಕ್ಕೇ ನಾವು ಮುದುಕರು ಬಂದು ಕೂರ್ತೀವಿ." ಆಮೇಲೆ ಇನ್ನೂ ಸೇರಿಸಿದ್ರು, "ಚೆನ್ನಾಗಿ ಆಡಿದ್ರೆ ಚೆನ್ನಾಗಿ ಆಡ್ದೆ ಅಂತೀವಿ. ಇಲ್ಲಾಂದ್ರೆ ಬೈತೀವಿ. ಎರಡೂ ಬೇಕು."

ನಾನು ಮನಸ್ಸಲ್ಲೇ ನಮ್ಮ ಪೇರೆಂಟ್ಸ್ ಲೈನ್ ನೆನೆಸ್ಕೊಂಡೆ. ಸೋತ್ರೂ ಗೆದ್ರೂ "ಸೂಪರ್ ಸೂಪರ್", ಮಿಕ್ಕ ಟೈಮು ವಿಡಿಯೋ.

ಅಷ್ಟರಲ್ಲಿ ಎರಡನೇ ಮ್ಯಾಚ್ ಶುರುವಾಗಿ ನಮ್ಮೋರು ಮತ್ತೆ ಒಂದು ಗೋಲ್ ತಿಂದಿದ್ರು. ಅವರ ಟೀಮಲ್ಲಿ ಒಬ್ಬ ಪುಟಾಣಿ ಲೆಫ್ಟ್ ವಿಂಗರ್ ಇದ್ದ, ಚೆಂಡಿನ ಮೇಲೆ ಕಾಲು ಆಡಿಸಿ ಆಡಿಸಿ ನನ್ ಮಗಳನ್ನ ಪ್ರತಿ ಸಲ ದಾಟಿ ಹೋಗ್ತಿದ್ದ. ಅಜ್ಜ ಹುಡುಗನ ತೊಡೆ ತಟ್ಟಿದ್ರು. "ಆ ಹುಡುಗಿ ಬಾಲ್ ನೋಡ್ತಿದಾಳೆ, ಅವನು ಅದನ್ನೇ ಕಾಯ್ತಾನೆ. ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ. ಸೊಂಟ ಎತ್ತ ತಿರುಗುತ್ತೋ ಅವನು ಅತ್ತಲೇ ಹೋಗೋದು. ಹೋಗಿ ಹೇಳು." ಹಾಫ್‌ಟೈಮ್ ವಿಸಿಲ್ ಆಗಿದ್ದೇ ನಮ್ ಸ್ಟಾಪರ್ ಓಡಿ ಹೋಗಿ, ಕೋಚ್ ಸರ್ ಮಾತು ಮುಗಿಸೋಕೂ ಬಿಡದೆ, "ಸೊಂಟ ನೋಡ್ರೋ, ಸೊಂಟ!" ಅಂತ ಕೂಗಿದ. ಕಿಸಿಕಿಸಿ ನಕ್ರು ಎಲ್ಲ. ಆದ್ರೆ ಸೆಕೆಂಡ್ ಹಾಫ್‌ನಲ್ಲಿ ಆ ಪುಟಾಣಿ ಬಂದಾಗ ಮಗಳು ಕಾಲು ಹಾಕ್ಲಿಲ್ಲ, ಕಾದ್ಲು, ಅವನು ಎರಡು ಸಲ ಕಾಲು ಆಡಿಸ್ದ, ಇವಳು ಅಲ್ಲಾಡ್ಲಿಲ್ಲ, ಮೂರನೇದಕ್ಕೆ ಅವನು ಹೊರಟ ಕಡೆಗೇ ಇವಳೂ ಹೋಗಿ ಬಾಲ್ ತಗೊಂಡ್ಲು. ನಾನು ಕೂಗಕ್ಕೆ ಬಾಯಿ ತೆಗೆಯೋಷ್ಟರಲ್ಲಿ ಮರದ ಕೆಳಗಿಂದ "ಶಭಾಷ್!" ಅಂತ ಬಂತು. ಮ್ಯಾಚ್ ಒಂದು ಒಂದು ಡ್ರಾ.

ಡ್ರಾ ಆದ್ರೂ ಗುಂಪಲ್ಲಿ ಕೊನೆ ಸ್ಥಾನ ನಮ್ದೇ, ಮುಂದಿನ ರೌಂಡ್ ಇಲ್ಲ. ರಾತ್ರಿ ರಾಬರ್ಟ್‌ಸನ್‌ಪೇಟೆಯಲ್ಲಿ ಉಳಿದ್ವಿ. ಮಾರನೇ ದಿನ ಕೋಟಿಲಿಂಗೇಶ್ವರ ನೋಡಿದ್ವಿ, ಬಿಸಿಲು, ಬರಿಗಾಲು, ಕ್ಯೂ, ಫೋಟೋ. ಭಕ್ತಿ ಇರೋರಿಗೆ ಚೆನ್ನಾಗಿರುತ್ತೆ, ನನಗೆ ಅಂಗಾಲು ಸುಟ್ಟಿದ್ದೇ ನೆನಪು. ಹಿಂದೆ ಬರೋವಾಗ ಬಂಗಾರಪೇಟೆಯಲ್ಲಿ ಪಾನಿಪುರಿಗೆ ನಿಲ್ಲಿಸಿದ್ದು ಮಾತ್ರ ಸಾರ್ಥಕ. ಅಲ್ಲಿನ ಪಾನಿ ಹಸಿರು ಇರಲ್ಲ, ನೋಡಕ್ಕೆ ಬರೀ ಕುಡಿಯೋ ನೀರು, ಬಣ್ಣ ಇಲ್ಲ ಏನಿಲ್ಲ. ಬಾಯಿಗೆ ಹಾಕಿದ ಮೇಲೆ ಒಂದು ಕ್ಷಣ ಏನೂ ಗೊತ್ತಾಗಲ್ಲ, ಆಮೇಲೆ ಕಿವಿವರೆಗೂ ಖಾರ ಏರುತ್ತೆ. ನೀರಲ್ವಾ ಅಂತ ಧೈರ್ಯವಾಗಿ ಒಂದು ಲೋಟ ಎತ್ತಿ ಕುಡಿದ ನಮ್ ಗೋಲ್‌ಕೀಪರ್ ಹೊಸಕೋಟೆವರೆಗೂ ಮಾತಾಡ್ಲಿಲ್ಲ. ತುಮಕೂರಿನ ಹಸಿರು ಪಾನಿ ಇನ್ಮೇಲೆ ನನಗೆ ಸೇರುತ್ತಾ ಅನ್ನೋದು ಡೌಟು.

ಮುಂದಿನ ತಿಂಗಳು ಕೆಜಿಎಫ್‌ನೋರ ಅಂಡರ್ 12 ಟೀಮ್ ಫ್ರೆಂಡ್ಲಿ ಆಡೋಕೆ ನಮ್ಮೂರಿಗೆ ಬರ್ತಿದೆ. ಮಕ್ಕಳನ್ನ ನಮ್ ಮನೆಗಳಲ್ಲೇ ಉಳಿಸ್ಕೋಬೇಕು, ಯಾರ ಮನೇಲಿ ಎಷ್ಟು ಜನ ಅಂತ ಈ ವಾರದಲ್ಲಿ ಕೋಚ್ ಸರ್‌ಗೆ ಹೇಳಿ. ಅಜ್ಜನ್ನೂ ಕರೆದಿದೀವಿ, ಮಂಡಿ ನೋವು ಒಪ್ಪಿದ್ರೆ ಬರ್ತೀನಿ ಅಂದಿದಾರೆ. ಮ್ಯಾಚ್ ಭಾನುವಾರ ಬೆಳಿಗ್ಗೆ ಏಳೂವರೆಗೆ, ಜೂನಿಯರ್ ಕಾಲೇಜ್ ಮೈದಾನ. ಪೇರೆಂಟ್ಸ್ ದಯವಿಟ್ಟು ಅಕ್ಕಪಕ್ಕದ ಮನೆಯೋರನ್ನೂ ಎಳ್ಕೊಂಡು ಬನ್ನಿ, ಕುರ್ಚಿ ನೀವೇ ತನ್ನಿ. ಗೋಲ್‌ಪೋಸ್ಟ್ ನಿಲ್ಲಿಸೋಕೆ ನಾಲ್ಕು ಜನ ಗಂಡಸ್ರು ಐದೂವರೆಗೇ ಅಲ್ಲಿರಬೇಕು, ಆರು ದಾಟಿದ್ರೆ ಕ್ರಿಕೆಟ್‌ನೋರು ಸ್ಟಂಪ್ ನೆಟ್ಟುಬಿಡ್ತಾರೆ, ಆಮೇಲೆ ಅವರ ಜೊತೆ ಜಗಳ ಆಡೋಕೆ ನನ್ನ ಕೈಲಾಗಲ್ಲ.