ಶಿರಾ ಊರೊಳಗೆ ಒಂದು ಸುತ್ತು

ತುಮಕೂರಿನವರಿಗೆ ಶಿರಾ ಅಂದ್ರೆ ಹೈವೇ. ಚಿತ್ರದುರ್ಗದ ಕಡೆ ಹೋಗುವಾಗ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ, ಕಿಟಕಿ ಹತ್ರ ಕಡಲೆಕಾಯಿ ಮಾರುವವರು ಬರುತ್ತಾರೆ, ಅಷ್ಟೇ. ಇಳಿದು ಊರೊಳಗೆ ನಡೆದವರು ನಮ್ಮಲ್ಲೇ ಕಡಿಮೆ. ಹೋದ ಭಾನುವಾರ ನಾನು ಇಳಿದೆ. ಕೋಟೆಗೆ ದಾರಿ ಯಾವುದು ಅಂತ ಆಟೋದವರನ್ನು ಕೇಳಿದರೆ, "ಕೋಟೆಗಾ? ಅಲ್ಲೇನಿದೆ ಸಾರ್, ಬರೀ ಜಾಲಿ ಗಿಡ" ಅಂದರು. ಹತ್ತಿಸಿಕೊಂಡು ಹೋಗೋಕೂ ಅವರಿಗೆ ಮನಸ್ಸಿರಲಿಲ್ಲ. ನಡೆದೇ ಹೋದೆ.

ಈ ಊರು 1687ರಿಂದ ಹೆಚ್ಚುಕಡಿಮೆ ಎಪ್ಪತ್ತು ವರ್ಷ ಮೊಘಲರ ಒಂದು ಸುಬಾಕ್ಕೆ ರಾಜಧಾನಿ ಆಗಿತ್ತು. ಸುಬಾ ಅಂದ್ರೆ ಪ್ರಾಂತ್ಯ, ಈಗಿನ ತಾಲ್ಲೂಕಿನಷ್ಟಲ್ಲ. ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲಾ ಇದರ ಪರಗಣೆಗಳು, ಅಂದ್ರೆ ಆಡಳಿತದ ಭಾಗಗಳು, ಜೊತೆಗೆ ಚಿತ್ರದುರ್ಗ, ಬಿದನೂರಿನಂಥ ಸಂಸ್ಥಾನಗಳಿಂದ ಕಪ್ಪವೂ ಇಲ್ಲಿಗೇ ಬರಬೇಕಿತ್ತು. ಕೋಲಾರದ ಕಂದಾಯದ ಲೆಕ್ಕ ಶಿರಾದಲ್ಲಿ ನೋಡುತ್ತಿದ್ದರು ಅಂದ್ರೆ ಈಗ ಯಾರೂ ನಂಬಲ್ಲ, ಅಲ್ವಾ?

ಕೋಟೆಯ ಕಲ್ಲಿನ ಗೋಡೆ, ಸುತ್ತಲಿನ ಕಂದಕ ಈಗಲೂ ಇವೆ. ಆಟೋದವರು ಹೇಳಿದ ಜಾಲಿಯೂ ಇದೆ, ಸುಳ್ಳು ಹೇಳಬಾರದು. ಕೋಟೆ ಕಟ್ಟಲು ಶುರು ಮಾಡಿದ್ದು ರತ್ನಗಿರಿಯ ರಂಗಪ್ಪ ನಾಯಕ, ಮುಗಿಸಿದ್ದು ಬಿಜಾಪುರದವರು ಊರು ಹಿಡಿದಮೇಲೆ ಅಧಿಕಾರಿಯಾಗಿ ಬಂದ ಮಲಿಕ್ ಹುಸೇನ್. ಮೊಘಲರಿಗೂ ಮುಂಚೆ, ಬಿಜಾಪುರದ ಸುಲ್ತಾನರ ಸೇನಾಪತಿ ರಣದುಲ್ಲಾ ಖಾನನ ಸೈನ್ಯ ಬಂದಾಗ ಇಲ್ಲಿನ ನಾಯಕ ಕಸ್ತೂರಿ ರಂಗಪ್ಪ ಸೋತು ಸಾಯಲಿಲ್ಲ. ಮಾತುಕತೆಗೆ ಅಂತ ಶಿಬಿರಕ್ಕೆ ಹೋಗಿದ್ದ, ಅಲ್ಲೇ ಕೊಂದರು. ಕೊಂದವನು ಅಫ್ಜಲ್ ಖಾನ್. ಹೌದು, ಅದೇ ಅಫ್ಜಲ್ ಖಾನ್! ಸುಮಾರು ಇಪ್ಪತ್ತು ವರ್ಷ ಆದಮೇಲೆ, 1659ರಲ್ಲಿ, ಪ್ರತಾಪಗಡದ ಬುಡದಲ್ಲಿ ಇಂಥದ್ದೇ ಒಂದು ಭೇಟಿಯಲ್ಲಿ ಶಿವಾಜಿ ಕೈಯಲ್ಲಿ ಸತ್ತನಲ್ಲ, ಅವನೇ. ಪ್ರತಾಪಗಡದ ಕಥೆ ಎಲ್ಲರಿಗೂ ಗೊತ್ತು, ನಮ್ಮ ಜಿಲ್ಲೆಯ ಕಥೆ ನಮಗೇ ಗೊತ್ತಿಲ್ಲ. ಇದು ಸ್ವಲ್ಪ ಸಿಟ್ಟು ಬರಿಸುವ ವಿಷಯ.

ಅಲ್ಲಿಂದ ಮಲಿಕ್ ರಿಹಾನ್ ದರ್ಗಾಕ್ಕೆ ಬಂದೆ. ಬಾಗಿಲ ಹತ್ರ ಕೂತಿದ್ದ ತಾತ ಒಬ್ಬರು "ಬನ್ನಿ ಅಣ್ಣ, ಚಪ್ಪಲಿ ಅಲ್ಲೇ ಬಿಡಿ" ಅಂದರು, ನಾನು ಯಾರು, ಯಾವ ಊರು ಏನೂ ಕೇಳಲಿಲ್ಲ. ಬಿಜಾಪುರದವರು ಶಿರಾ ಹಿಡಿದಮೇಲೆ ಇಲ್ಲಿ ಸುಬೇದಾರ, ಅಂದ್ರೆ ಪ್ರಾಂತ್ಯದ ಅಧಿಕಾರಿ, ಆಗಿದ್ದವನು ಮಲಿಕ್ ರಿಹಾನ್. ಈ ಸಮಾಧಿ 1651ರದ್ದು. ಗುಮ್ಮಟವನ್ನು ದೂರದಿಂದ ನೋಡಿ ಫೋಟೋ ತೆಗೆದು ಬರುವವರೇ ಜಾಸ್ತಿ, ಆದರೆ ನೋಡಬೇಕಾದ್ದು ಅದರ ಬುಡ. ಗೋಡೆ ಮುಗಿದು ಗುಮ್ಮಟ ಶುರುವಾಗುವ ಜಾಗದಲ್ಲಿ ಸುತ್ತಲೂ ತಾವರೆ ಎಸಳುಗಳನ್ನು ಮೂಡಿಸಿದ್ದಾರೆ. ಹಾಗಾಗಿ ಗುಮ್ಮಟ ಗೋಡೆ ಮೇಲೆ ಕೂತ ಹಾಗೆ ಕಾಣಲ್ಲ, ಎಸಳುಗಳ ನಡುವಿಂದ ಎದ್ದ ಹಾಗೆ ಕಾಣುತ್ತದೆ. ಬಿಜಾಪುರದಲ್ಲಿ ಈ ಕೆಲಸ ಬೇಕಾದಷ್ಟಿದೆ. ನಮ್ಮ ಜಿಲ್ಲೆಯಲ್ಲಿ ನಾನು ನೋಡಿದ್ದು ಇಲ್ಲೇ. ಜಾಮಿಯಾ ಮಸೀದಿಯೂ ಕಲ್ಲಿನದ್ದೇ, 1696ರಲ್ಲಿ ಕಟ್ಟಿದ್ದು. ನಮಾಜಿನ ಹೊತ್ತಾಗಿದ್ದರಿಂದ ಹೊರಗಿನಿಂದಲೇ ನೋಡಿ ಮುಂದೆ ಹೋದೆ.

ಇಷ್ಟು ನೋಡಿದಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ರಾಜಧಾನಿ ಅಂತೀರಲ್ಲ, ಅರಮನೆ ಎಲ್ಲಿ? ಪೇಟೆ ಎಲ್ಲಿ?

ನನ್ನ ಪ್ರಕಾರ ಶಿರಾ ಹಾಳಾಗಲಿಲ್ಲ, ಬೇರೆ ಊರುಗಳಿಗೆ ಸಾಗಿಹೋಯಿತು. ದಿಲಾವರ್ ಖಾನ್ ಅನ್ನೋ ಸುಬೇದಾರ ಇಲ್ಲೊಂದು ಅರಮನೆ ಕಟ್ಟಿಸಿದ್ದ, ಅದನ್ನೇ ನೋಡಿಕೊಂಡು ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿಸಿದರು ಅಂತ ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಹತ್ರ ಟಿಪ್ಪು ಅರಮನೆಗೆ ಟಿಕೆಟ್ ತಗೊಂಡು ಹೋಗುತ್ತೇವೆ, ಅದಕ್ಕೆ ಮಾದರಿ ಅನ್ನುವ ಕಟ್ಟಡ ಇಲ್ಲಿ ಉಳಿದಿಲ್ಲ. ಇಲ್ಲಿ ಖಾನ್ ಬಾಗ್ ಅಂತ ತೋಟವೂ ಇತ್ತು, ಲಾಲ್‌ಬಾಗ್ ಯೋಚನೆ ಬಂದದ್ದು ಇಲ್ಲಿಂದ ಅನ್ನುವವರೂ ಇದ್ದಾರೆ. ಕೊನೆಗೆ ಜನರನ್ನೂ ಕರೆದುಕೊಂಡು ಹೋದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಬೆಳೆಸಲು ಟಿಪ್ಪು ಶಿರಾದಿಂದ 12,000 ಮನೆಯವರನ್ನು ಬಲವಂತವಾಗಿ ಎಬ್ಬಿಸಿದ ಅಂತ ದಾಖಲೆಗಳು ಹೇಳುತ್ತವೆ. ಮನೆಗೆ ನಾಲ್ಕು ಜನ ಅಂತ ಹಿಡಿದರೂ ಹತ್ರಹತ್ರ ಅರ್ಧ ಲಕ್ಷ. ಆ ಲೆಕ್ಕ ಸ್ವಲ್ಪ ಜಾಸ್ತಿಯೇ ಅಂದುಕೊಂಡರೂ ಪೇಟೆಯಲ್ಲಿ ಯಾರು ಉಳಿದಿರುತ್ತಾರೆ ಹೇಳಿ.

ಪಟ್ಟವೂ ಇಲ್ಲಿಂದಲೇ ಹೋಯಿತು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್‌ಗೆ ಹೈದರ್ ಅಲಿ ಮೂರು ಲಕ್ಷ ರೂಪಾಯಿ ನಜರು (ಕಾಣಿಕೆ) ಕೊಡಲು ಒಪ್ಪಿ ಶಿರಾದ ನವಾಬಗಿರಿ ಪಡೆದ. ತಮಾಷೆ ಏನಂದ್ರೆ ಶಿರಾ ಆಗ ಇಬ್ಬರ ಕೈಯಲ್ಲೂ ಇರಲಿಲ್ಲ, ಮರಾಠರ ಕೈಯಲ್ಲಿತ್ತು! ಅವರಿಂದ ಇನ್ನೂ ಗೆಲ್ಲಬೇಕಿತ್ತು. ಅದಕ್ಕೂ ಮುಂಚೆ 1687ರಲ್ಲಿ ಮೊಘಲರ ಖಾಸಿಂ ಖಾನ್ ಬೆಂಗಳೂರು ಹಿಡಿದು ಚಿಕ್ಕದೇವರಾಜ ಒಡೆಯರಿಗೆ ಮಾರಿದನಲ್ಲ, ಆ ರೇಟೂ ಮೂರೇ ಲಕ್ಷ. ಇಡೀ ಬೆಂಗಳೂರಿಗೂ ಶಿರಾದ ಬರೀ ಪಟ್ಟಕ್ಕೂ ಒಂದೇ ಬೆಲೆ. ಶಿರಾದಲ್ಲಿ ಸೈಟ್ ವ್ಯಾಪಾರ ಮಾಡುವ ನನ್ನ ಭಾವನಿಗೆ ಫೋನ್ ಮಾಡಿ ಇದನ್ನು ಹೇಳಿದೆ. "ಆವಾಗ್ಲೇ ತಗೊಂಡು ಇಟ್ಕೋಬೇಕಿತ್ತು ಬಿಡು" ಅಂದ.

ನೀವು ಹೋಗೋದಾದರೆ ಬೇಸಿಗೆ ಬೇಡ, ನೆರಳು ಕಡಿಮೆ. ಬೆಳಿಗ್ಗೆ ಬೇಗ ತುಮಕೂರು ಬಿಟ್ಟರೆ ಒಂದು ಗಂಟೆ ಚಿಲ್ಲರೆ ದಾರಿ, ಮಧ್ಯಾಹ್ನದೊಳಗೆ ಮೂರೂ ಜಾಗ ಆರಾಮಾಗಿ ನೋಡಬಹುದು. ಕೋಟೆಗೆ ಶೂ ಹಾಕಿಕೊಂಡು ಹೋಗಿ, ಜಾಲಿ ಮುಳ್ಳು ಚಪ್ಪಲಿಯನ್ನೂ ದಾಟಿ ಬರುತ್ತದೆ.