ಹಿಂದಿನವರ ಮನಸ್ಸು ಕಲ್ಲಾಗಿತ್ತಾ?

ಉಡುಪಿಯಲ್ಲಿ ಇತಿಹಾಸ ಪಾಠ ಮಾಡುವ ನನಗೆ ತರಗತಿಯಲ್ಲೂ, ಬಸ್ಸಿನಲ್ಲೂ, ಬೊಜ್ಜದ (ಉತ್ತರಕ್ರಿಯೆಯ) ಊಟದ ಸಾಲಿನಲ್ಲೂ ಎದುರಾಗುವ ಪ್ರಶ್ನೆ ಇದು: "ಸರ್, ಆಗೆಲ್ಲ ಹತ್ತು ಹೆತ್ತರೆ ನಾಲ್ಕು ಉಳಿಯುತ್ತಿದ್ದ ಕಾಲ. ಸಾವು ಅಭ್ಯಾಸ ಆಗಿಬಿಟ್ಟಿತ್ತು. ನಮ್ಮಷ್ಟು ದುಃಖ ಅವರಿಗೆ ಆಗ್ತಿರ್ಲಿಲ್ಲ ಅಲ್ವಾ?"

ಆಗುತ್ತಿತ್ತು. ಅವರ ಪತ್ರಗಳನ್ನು ಓದಿದರೆ ಸಾಕು.

ಪ್ರಾಚೀನ ರೋಮಿನ ರಾಜಕಾರಣಿ, ವಾಗ್ಮಿ ಸಿಸೆರೊ ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ. ಕ್ರಿ.ಪೂ. 45ರಲ್ಲಿ ಅವನ ಮಗಳು ತುಲ್ಲಿಯಾ ತೀರಿಕೊಂಡಳು. ಹೆರಿಗೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ದುಃಖ ಕಡಿಮೆ ಮಾಡಿಕೊಳ್ಳುವ ಬಗ್ಗೆ ಯಾರ್ಯಾರು ಬರೆದಿದ್ದರೋ ಅದನ್ನೆಲ್ಲ ಗೆಳೆಯ ಅಟ್ಟಿಕಸ್‌ನ ಮನೆಯಲ್ಲಿ ಕೂತು ಓದಿದ. ಉಪಯೋಗ ಆಗಲಿಲ್ಲ. ಆಮೇಲೆ ಅಸ್ತುರಾ ಎಂಬಲ್ಲಿ ಕಡಲತಡಿಯ ಮನೆ ಸೇರಿದ. ಬೆಳಿಗ್ಗೆ ದಟ್ಟ ಕಾಡು ಹೊಕ್ಕರೆ ಸಂಜೆವರೆಗೆ ಹೊರಗೆ ಬರುವುದಿಲ್ಲ ಅಂತ ಅಲ್ಲಿಂದ ಬರೆದ. ಇಷ್ಟು ದುಃಖ ಜನರಿಗೆ ಕಾಣಿಸಬಾರದು ಅಂತ ಅಟ್ಟಿಕಸ್ ಬುದ್ಧಿ ಹೇಳಿದ್ದೂ ಉಂಟು. ಈಗ ನಾವು ಹೇಳುವ "ಗಟ್ಟಿ ಇರಿ" ಹೊಸತೇನಲ್ಲ.

ಇನ್ನೊಬ್ಬ ಗೆಳೆಯ ಸರ್ವಿಯಸ್ ಸುಲ್ಪಿಸಿಯಸ್ ಆಗ ಗ್ರೀಸಿನಲ್ಲಿದ್ದ. ಅವನ ಸಂತಾಪ ಪತ್ರ ಈಗಲೂ ಸಿಗುತ್ತದೆ. ಹಡಗಿನಲ್ಲಿ ಬರುವಾಗ ಸುತ್ತ ನೋಡಿದೆ, ಈಜಿನಾ, ಮೆಗಾರಾ, ಪಿರೇಯಸ್, ಕೊರಿಂಥ್, ಒಂದು ಕಾಲದಲ್ಲಿ ಮೆರೆದ ಊರುಗಳೆಲ್ಲ ಹಾಳುಬಿದ್ದಿವೆ, ಹಾಗಿರುವಾಗ ಒಬ್ಬ ಹೆಣ್ಣಿನ ಪುಟ್ಟ ಜೀವ ಹೋಯಿತೆಂದು ಇಷ್ಟು ಕಂಗಾಲಾಗುವುದೇ ಎಂದು ಕೇಳುತ್ತಾನೆ. ನಮ್ಮ ಕಡೆ ಸಾವಿನ ಮನೆಯ ಜಗಲಿಯಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಮನೆಯ ಹೆಂಗಸರೇ ಅವರನ್ನು ಗೇಟಿನವರೆಗೆ ಬಿಟ್ಟು ಬಂದಾರು!

ಆದರೆ ಅದೇ ಪತ್ರದ ಶುರುವಿನಲ್ಲಿ ಇನ್ನೊಂದು ಮಾತಿದೆ: ನಾನು ಅಲ್ಲಿದ್ದಿದ್ದರೆ ನಿನ್ನ ಜೊತೆ ಇರುತ್ತಿದ್ದೆ. ಸಿಸೆರೊ ಉತ್ತರ ಬರೆಯುವಾಗ ಮೊದಲು ಹಿಡಿದುಕೊಂಡದ್ದು ಇದನ್ನೇ. ಹೌದು ಸರ್ವಿಯಸ್, ನೀನು ಇಲ್ಲಿ ಇರಬೇಕಿತ್ತು ಅಂತ. ಪತ್ರದಿಂದ ಸ್ವಲ್ಪ ಸಮಾಧಾನವಾಯಿತು ಎಂಬುದು ಆಮೇಲೆ. ಹಾಳುಬಿದ್ದ ಊರುಗಳ ತತ್ವಕ್ಕಿಂತ ಆ ಒಂದು ಸಾಲು ಜಾಸ್ತಿ ಕೆಲಸ ಮಾಡಿದೆ ಅಂತ ನನ್ನ ಲೆಕ್ಕ.

ಗಾಂಧೀಜಿಯದ್ದೂ ಕೇಳಿ. 1944ರ ಫೆಬ್ರವರಿ 22ರಂದು ಕಸ್ತೂರ್‌ಬಾ ತೀರಿಕೊಂಡದ್ದು ಪುಣೆಯ ಆಗಾ ಖಾನ್ ಅರಮನೆಯಲ್ಲಿ, ಸೆರೆಯಲ್ಲಿ. ಸಂತಾಪ ಹೇಳಿದವರಲ್ಲಿ ವೈಸ್‌ರಾಯ್ ವೇವೆಲ್ ಕೂಡ ಒಬ್ಬರು. ಅಂದರೆ ಸೆರೆಯಲ್ಲಿ ಇಟ್ಟ ಸರ್ಕಾರದ ಯಜಮಾನರೇ! ಗಾಂಧೀಜಿ ಥ್ಯಾಂಕ್ಸ್ ಹೇಳಿದರು. ನರಳಾಟ ಮುಗಿಯಿತಲ್ಲ ಎಂದು ಅವಳ ಮಟ್ಟಿಗೆ ಸಾವನ್ನು ಸ್ವಾಗತಿಸಿದ್ದೇನೆ, ಆದರೆ ಅವಳಿಲ್ಲದ ನೋವು ನಾನು ಎಣಿಸಿದ್ದಕ್ಕಿಂತ ಜಾಸ್ತಿ ಆಗುತ್ತಿದೆ ಎಂದು ಬರೆದರು. ಸಾವಿಗೆ ಹೆದರಬೇಡಿ ಎಂದು ಊರಿಗೆಲ್ಲ ಹೇಳಿದವರು, ಅದೂ ಎದುರಾಳಿಗೆ, ಹೀಗೆ ಒಪ್ಪಿಕೊಳ್ಳಬೇಕಾದರೆ ಎಷ್ಟು ನೊಂದಿರಬೇಕು ಯೋಚಿಸಿ.

ಸಿಸೆರೊನ ಕತೆ ಇನ್ನೂ ಸ್ವಲ್ಪ ಉಂಟು. ಮಗಳಿಗೊಂದು ಗುಡಿ ಕಟ್ಟಲು ಹೊರಟ. ರೋಮಿನ ಹತ್ತಿರ, ಜನ ಓಡಾಡುವ ಕಡೆಯೇ ಜಾಗ ಬೇಕು ಅಂತ ಅಟ್ಟಿಕಸ್‌ಗೆ ಪತ್ರದ ಮೇಲೆ ಪತ್ರ ಬರೆದ. ಯಾವ ತೋಟ ಮಾರಾಟಕ್ಕಿದೆ, ಯಾರು ಎಷ್ಟು ಹೇಳುತ್ತಾರೆ, ಬರೀ ಅದೇ ವಿಚಾರ. ಗುಡಿ ಮಾತ್ರ ಏಳಲಿಲ್ಲ. ನಮ್ಮ ಹೆದ್ದಾರಿ ಬದಿಯಲ್ಲಿ "ಇವರ ಸ್ಮರಣಾರ್ಥ" ಎಂದು ಬರೆಸಿದ ಬಸ್ ತಂಗುದಾಣಗಳು ಎಷ್ಟಿಲ್ಲ? ಸಿಸೆರೊನಿಗೆ ಬೇಕಿದ್ದದ್ದು ಸುಮಾರಾಗಿ ಅಂಥದ್ದೇ ಜಾಗ.