ಆ ಡ್ರಮ್ ಬಾರಿಸಿದವನು ಯಾರು?

1956ರ ನವೆಂಬರ್ 1ಕ್ಕೆ ನಮ್ಮ ಹುಬ್ಬಳ್ಳಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ನನಗಾಗ ಹದಿನಾಲ್ಕು ವರ್ಷ. ಮನೆಯಲ್ಲಿ ಹಿರಿಯರೆಲ್ಲ ಅದೇ ಮಾತಾಡುತ್ತಿದ್ದರು. ನನ್ನ ಕಿವಿ ಮಾತ್ರ ಬೇರೆ ಕಡೆ ಇತ್ತು. ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ ಎಲ್ವಿಸ್ ಪ್ರೆಸ್ಲಿಯ ದನಿ ಅಷ್ಟರಲ್ಲಿ ರೇಡಿಯೋ ಸಿಲೋನ್ ಹಿಡಿದು ನಮ್ಮ ಮನೆಯ ಪಡಸಾಲೆಗೆ ಬಂದಾಗಿತ್ತು.

ದುರ್ಗದ ಬೈಲಿನ ಹತ್ತಿರ ನಮ್ಮದೊಂದು ಕೂಡು ಮನೆ. ಅಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಕಾಕಾ ತಬಲಾ ಬಾರಿಸುತ್ತಿದ್ದರು. ದೊಡ್ಡ ಹೆಸರಿನವರಲ್ಲ. ಸುತ್ತಮುತ್ತಲಿನ ಬೈಠಕ್‌ಗಳಿಗೆ ಹಾಡುವವರ ಪಕ್ಕವಾದ್ಯವಾಗಿ ಸಾಥ್ ಕೊಡಲು ಕರೆಯುತ್ತಿದ್ದರು, ಹೋಗಿ ಬರುತ್ತಿದ್ದರು. ಮನೆಯ ರೇಡಿಯೋ ಅವರು ಕೊಂಡು ತಂದದ್ದು. ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬರುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಗಂಗೂಬಾಯಿ ಹಾನಗಲ್ ಊರಲ್ಲೇ ಇದ್ದರು. ಮಲ್ಲಿಕಾರ್ಜುನ ಮನ್ಸೂರರು ಧಾರವಾಡದಲ್ಲಿ. ಭೀಮಸೇನ ಜೋಶಿಯವರು ಗದಗಿನವರು. ಕಾಕಾಗೆ ಇವರೆಲ್ಲರಿಗಿಂತ ಒಂದು ಕೈ ಜಾಸ್ತಿ ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್. (1977ರಲ್ಲಿ ಅಮೆರಿಕದವರು ವಾಯೇಜರ್ ಬಾಹ್ಯಾಕಾಶ ನೌಕೆಯಲ್ಲಿ ಇಟ್ಟು ಕಳಿಸಿದ ಬಂಗಾರದ ರಿಕಾರ್ಡಿನಲ್ಲಿ ಕೇಸರಬಾಯಿಯ ಭೈರವಿ ಇದೆ, ರಾಕ್ ಅಂಡ್ ರೋಲ್ ಹಾಡುಗಾರ ಚಕ್ ಬೆರಿಯ ಹಾಡೂ ಇದೆ. ಕಾಕಾಗೂ ನನಗೂ ಪ್ರೀತಿಯವರು ಇಬ್ಬರೂ ಒಂದೇ ತಟ್ಟೆಯಲ್ಲಿ ಹೋದರು.)

ಆಗ ರೇಡಿಯೋ ಸಿಲೋನ್ ಮನೆಮನೆಗೆ ಬರಲು ಒಂದು ಕಾರಣವಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕೇಳದಂತಾಯಿತು. ಜನ ಮುಳ್ಳು ತಿರುಗಿಸಿ ಕೊಲಂಬೊ ಹಿಡಿದರು. ಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ಅಲ್ಲಿ ದೊಡ್ಡ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಹಾಕಿದ್ದರು. ಯುದ್ಧ ಮುಗಿದ ಮೇಲೆ ಅದೇ ರೇಡಿಯೋ ಸಿಲೋನ್ ಕೈಗೆ ಬಂತು. ಅಕ್ಕಂದಿರು ಹಿಂದಿ ಹಾಡಿಗೆ ಕಾಯುತ್ತಿದ್ದರು. ನಾನು ಅವರೆಲ್ಲ ಎದ್ದು ಹೋದ ಮೇಲೆ ಇಂಗ್ಲಿಷ್ ಹಾಡಿಗೆ ಕೂರುತ್ತಿದ್ದೆ. ಶಾರ್ಟ್‌ವೇವ್ ಎಂದರೆ ಗೊತ್ತಲ್ಲ, ಹಾಡು ಒಮ್ಮೆ ಹತ್ತಿರ ಬಂದು ಇನ್ನೊಮ್ಮೆ ದೂರ ಹೋಗುತ್ತದೆ. ಒಂದು ಸಾಲು ಕೇಳಿದರೆ ಮುಂದಿನದು ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ. ಪದಗಳು ಹೇಗಿದ್ದರೂ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಎಂಟನೇ ಇಯತ್ತೆಗೆ. ನನಗೆ ಬೇಕಾಗಿದ್ದುದೂ ಪದ ಅಲ್ಲ. ಆ ಹಾಡುಗಳಲ್ಲಿ ಏನೋ ಒಂದು ಮುಂದಕ್ಕೆ ತಳ್ಳುತ್ತಿತ್ತು. ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಅದು ಏನು ಅಂತ ತಿಳಿಯಬೇಕಿತ್ತು.

ಗದಗ ರಸ್ತೆಯ ರೈಲ್ವೆ ಕಾಲನಿಯಲ್ಲಿ ನನಗೊಬ್ಬ ಗೆಳೆಯ ಸಿಕ್ಕಿದ. ಹಾಕಿ ಆಡಲು ಹೋಗಿ ಆದ ಗೆಳೆತನ. ಆಂಗ್ಲೋ ಇಂಡಿಯನ್ ಹುಡುಗ. ಅವನ ಅಪ್ಪ ಎಂಜಿನ್ ಡ್ರೈವರ್, ಅಣ್ಣ ವರ್ಕ್‌ಶಾಪಿನಲ್ಲಿ ಫಿಟರ್. ಮನೆ ಮುಂದೆ ಸಣ್ಣ ಹೂದೋಟ, ವರಾಂಡದಲ್ಲಿ ಬೆತ್ತದ ಕುರ್ಚಿ. ಶನಿವಾರ ಸಂಜೆ ರೈಲ್ವೆಯವರ ಕ್ಲಬ್ಬಾದ ಇನ್‌ಸ್ಟಿಟ್ಯೂಟಿನಲ್ಲಿ ಡ್ಯಾನ್ಸ್ ಇದ್ದರೆ ಅವನ ಅಕ್ಕ ಮಧ್ಯಾಹ್ನದಿಂದಲೇ ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದಳು. ಆ ಮನೆಯಲ್ಲಿ ಹಾಡು ಎಂದರೆ ಕೂತು ಕೇಳುವುದಲ್ಲ, ಎದ್ದು ಕುಣಿಯುವುದು. ಮಗ, ಮಗಳು, ತಾಯಿ, ಎಲ್ಲ. ಗೆಳೆಯನ ತಾಯಿ ಹಿಟ್ಟು ಹತ್ತಿದ ಕೈಯಲ್ಲೇ ಅಡುಗೆಮನೆಯಿಂದ ಬಂದು ಮಗನ ಜೊತೆ ಎರಡು ಸುತ್ತು ಜೈವ್ ಮಾಡಿ ಒಳಗೆ ಹೋಗುತ್ತಿದ್ದರು. ನನಗೆ ಅದು ಬಹಳ ಚೆಂದ ಕಾಣುತ್ತಿತ್ತು, ಈಗ ನೆನೆದರೂ ಚೆಂದ.

ಅವರ ಮನೆಯಲ್ಲಿ ಚಾವಿ ಕೊಡುವ ಗ್ರಾಮಫೋನ್ ಇತ್ತು. ಅಮೆರಿಕದ ಹುಡುಗರ ಕೈಗೆ ಆಗಲೇ 45ರ ಸಣ್ಣ ರಿಕಾರ್ಡು ಬಂದಿತ್ತು. ನಮ್ಮಲ್ಲಿ ಮಾತ್ರ ನಿಮಿಷಕ್ಕೆ 78 ಸುತ್ತು ತಿರುಗುವ ಭಾರದ ಅರಗಿನ ತಟ್ಟೆಯೇ ನಡೆಯುತ್ತಿತ್ತು. ಮುಂದೆ ಬೀಟಲ್ಸ್ ಹಾಡುಗಳು ಕೂಡ ನಮ್ಮ ದೇಶದಲ್ಲಿ 78ರ ತಟ್ಟೆಯಲ್ಲಿ ಬಂದವು. ಕರೆಂಟಿಲ್ಲದ ಮನೆಯಲ್ಲೂ ಚಾವಿ ಕೊಟ್ಟು ಕೇಳಬಹುದಿತ್ತಲ್ಲ, ಹಾಗಾಗಿ.

1958ರಲ್ಲಿ ಇರಬೇಕು. ಗೆಳೆಯನ ಸೋದರಮಾವ ಲಂಡನ್ನಿಗೆ ಹೋಗಿ ನೆಲೆಸಿದ್ದರು. ಅವರು ಬಟ್ಟೆಯ ನಡುವೆ ಸುತ್ತಿ ಒಂದು ರಿಕಾರ್ಡ್ ಕಳಿಸಿದರು. ಲಿಟಲ್ ರಿಚರ್ಡ್ ಹಾಡಿದ 'ಟುಟ್ಟಿ ಫ್ರುಟ್ಟಿ'. ಆ ಹಾಡನ್ನು ನಾನು ರೇಡಿಯೋದಲ್ಲಿ ಕೇಳಿದ್ದೆ. ಆದರೆ ಪ್ಯಾಟ್ ಬೂನ್ ಎಂಬ ಬಿಳಿಯ ಹಾಡುಗಾರನ ದನಿಯಲ್ಲಿ. ಅದು ಒಪ್ಪವಾದ, ಸಭ್ಯ ಹಾಡು. ಈ ತಟ್ಟೆಯ ಮೇಲೆ ಪಿನ್ನು ಇಟ್ಟ ಕ್ಷಣಕ್ಕೆ ಬಂದದ್ದು ಬೇರೆಯೇ. ವಾದ್ಯವಿಲ್ಲದೆ ಒಂದು ದನಿ ಕೂಗುತ್ತದೆ, ಅರ್ಥವಿಲ್ಲದ ಅಕ್ಷರಗಳ ಒಂದು ಸರ. ಅದು ಮುಗಿದದ್ದೇ ಪಿಯಾನೋ, ಡ್ರಮ್, ಸ್ಯಾಕ್ಸೊಫೋನ್ ಎಲ್ಲ ಒಟ್ಟಿಗೆ ನುಗ್ಗುತ್ತವೆ. ನನ್ನ ಮೈ ಜುಮ್ಮೆಂದಿತು. ಎರಡೂವರೆ ನಿಮಿಷವೂ ಇಲ್ಲದ ಹಾಡು. ಪಿನ್ನು ಬದಲಿಸಿ ಬದಲಿಸಿ ಕತ್ತಲಾಗುವತನಕ ಕೇಳಿದೆವು.

ಈ ಬಿಳಿಯ-ಕರಿಯ ವಿಷಯ ನನಗಾಗ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದೆ. ರಿಚರ್ಡ್ ಕರಿಯ, ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನವನು. ಬಸ್ ಸ್ಟ್ಯಾಂಡಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗ. ಅವನು ಆ ಹಾಡನ್ನು ಹಾಡಿದ್ದು 1955ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅವನದು 17ನೇ ಜಾಗಕ್ಕೆ ನಿಂತಿತು. ಪ್ಯಾಟ್ ಬೂನ್ ಹಾಡಿದ್ದು 12ರವರೆಗೆ ಹೋಯಿತು. ಎಲ್ವಿಸ್‌ಗೆ ಹೆಸರು ತಂದ 'ಹೌಂಡ್ ಡಾಗ್' ಕೂಡ ಮೊದಲು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು ಹಾಡಿದ್ದು. ಎಲ್ವಿಸ್ ನನಗೆ ಇಂದಿಗೂ ಇಷ್ಟ. ಆದರೆ ಹಾಡು ಯಾರ ಮನೆಯದು ಅಂತ ಹೇಳದೆ ಆ ಕಾಲದ ಬಗ್ಗೆ ಬರೆಯುವುದು ಸರಿಯಲ್ಲ.

ರಿಕಾರ್ಡನ್ನು ಕಾಕಾಗೆ ಕೇಳಿಸಬೇಕು ಅಂತ ನನಗೆ ಅನ್ನಿಸಿತು. ಯಾಕೆಂದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದ ಆ ಸಂಗತಿ ಲಯದಲ್ಲಿದೆ ಎಂದು ನನಗೆ ಗುಮಾನಿ. ಲಯ ತಿಳಿದವರು ನನಗೆ ಗೊತ್ತಿದ್ದವರಲ್ಲಿ ಅವರೊಬ್ಬರೇ. ಒಂದು ಭಾನುವಾರ ಅಪ್ಪ ಕೆಲಸದ ಮೇಲೆ ಬೆಳಗಾವಿಗೆ ಹೋಗಿದ್ದರು. ಅಪ್ಪನಿಗೆ ಈ ಹಾಡುಗಳು ಸೇರುತ್ತಿರಲಿಲ್ಲ. "ಮನ್ಯಾಗ ಗದ್ದಲ ಬ್ಯಾಡ" ಅಂತ ರೇಡಿಯೋ ಆರಿಸಿಬಿಡುತ್ತಿದ್ದರು. ಗೆಳೆಯ ಮತ್ತು ಅವನ ಅಣ್ಣ ಗ್ರಾಮಫೋನನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬಂದರು. ರಿಕಾರ್ಡನ್ನು ಅಣ್ಣ ಎದೆಗೆ ಹಿಡಿದುಕೊಂಡಿದ್ದ.

ಕಾಕಾ ಊಟ ಮುಗಿಸಿ ಎಲೆ ಹಾಕಿಕೊಳ್ಳುತ್ತಿದ್ದರು. ನಾನು ಕೇಳಿದೆ: "ಕಾಕಾ, ಒಂದ್ ರಿಕಾರ್ಡ್ ಹಚ್ತೀವ್ರಿ. ಸ್ವಲ್ಪ ಕೇಳ್ರಿ."

"ಹಚ್ಚು."

ಮೊದಲ ಸಲ ಅವರು ಏನೂ ಹೇಳಲಿಲ್ಲ. ಕಾಕು ಒಳಗಿನಿಂದ ಇಣುಕಿ ನೋಡಿ ಹೋದರು. ಹಾಡು ಮುಗಿಯಿತು. "ತಿರಗಿ ಹಚ್ಚು" ಅಂದರು. ಈ ಸಲ ಹಾಡು ಶುರುವಾಗುವಲ್ಲೇ ಕೈ ಎತ್ತಿದರು.

"ತಮ್ಮಾ, ಇಂವ ಬೋಲ್ ಹೇಳ್ತಾನಲೋ! ಇದಕ್ಕೇನರ ಅರ್ಥ ಐತೇನು?"

"ಇಲ್ರಿ ಕಾಕಾ."

"ಬ್ಯಾಡ ಬಿಡು. ಧಿರಧಿರ ಕಿಟತಕ ಅಂದ್ರ ಏನ್ ಅರ್ಥ?"

ಬೋಲ್ ಎಂದರೆ ತಬಲಾದ ಪೆಟ್ಟನ್ನು ಬಾಯಲ್ಲಿ ಹೇಳುವ ಅಕ್ಷರ. ಬಹಳ ವರ್ಷದ ಮೇಲೆ ಒಂದು ಕಡೆ ಓದಿದೆ. ಆ ಅಕ್ಷರಗಳು ಏನು ಎಂದರೆ, ಮನಸ್ಸಿನಲ್ಲಿದ್ದ ಒಂದು ಡ್ರಮ್ ಪೆಟ್ಟನ್ನೇ ರಿಚರ್ಡ್ ಬಾಯಲ್ಲಿ ಹೇಳಿದ್ದಂತೆ. ಕಾಕಾ ಅದನ್ನು ಎರಡನೇ ಸಲ ಕೇಳುವಾಗಲೇ ಹಿಡಿದಿದ್ದರು.

ಮೂರನೇ ಸಲ ಬೆರಳ ಮೇಲೆ ಎಣಿಸಿದರು. ನಾಲ್ಕು ನಾಲ್ಕು ಮಾತ್ರೆಯ ಹನ್ನೆರಡು ಖಂಡ, ಒಟ್ಟು 48 ಮಾತ್ರೆಗೆ ಒಂದು ಆವರ್ತ. ಅಣ್ಣ ಗಿಟಾರ್ ಕಲಿತವನು, ಅವನು ತಲೆಯಾಡಿಸಿದ. ಅವರು ಅದನ್ನೇ ಟ್ವೆಲ್ವ್ ಬಾರ್ ಅನ್ನುತ್ತಾರೆ. ಮೊದಲ ನಾಲ್ಕು ಬಾರ್ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಆಮೇಲೆ ಎರಡು ಬಾರ್ ಬೇರೆ ಕಾರ್ಡ್, ಮತ್ತೆ ಮನೆಗೆ. ಕೊನೆಯ ನಾಲ್ಕರಲ್ಲಿ ಮೇಲೆ ಹೋಗಿ ಇಳಿದು ಬರುವುದು. ಮೂರೇ ಕಾರ್ಡಿನ ಕೆಲಸ. ಅದೇ ಸುತ್ತಿನ ಮೇಲೆ ಚಕ್ ಬೆರಿಯೂ ಹಾಡು ಕಟ್ಟಿದ, ಫ್ಯಾಟ್ಸ್ ಡೊಮಿನೊ ಕೂಡ ಕಟ್ಟಿದ. ಒಂದರ ಹಾಗೆ ಇನ್ನೊಂದಿಲ್ಲ. ಬರೀ ಮೂರು ಕಾರ್ಡು ಅಂತ ಮೂಗು ಮುರಿಯುವವರನ್ನು ಆಮೇಲೆ ಬೇಕಾದಷ್ಟು ಕಂಡಿದ್ದೇನೆ. ಒಂದೇ ಠೇಕಾದ (ತಾಳದ ಗೊತ್ತಾದ ಬೋಲ್ ಸುತ್ತಿನ) ಮೇಲೆ ಜನ್ಮವಿಡೀ ಬಾರಿಸಿದ ಕಾಕಾ ಆ ಮಾತು ಆಡಲಿಲ್ಲ.

ಅವರಿಗೆ ಬೇರೆ ಏನೋ ಹಿಡಿಸಿತ್ತು. ತೊಡೆಯ ಮೇಲೆ ಕೈತಟ್ಟಿ ತೋರಿಸಿದರು.

"ನೋಡು, ಇಂವ ಸಮ್ ಮ್ಯಾಲೆ ಜೋರ್ ಹಾಕೂದಿಲ್ಲ. ಎರಡರ ಮ್ಯಾಲೆ, ನಾಕರ ಮ್ಯಾಲೆ ಹಾಕ್ತಾನ. ಅದಕ್ಕ ನಿಂಗ ಕಾಲು ನಿಲ್ಲವಲ್ದು."

ಸಮ್ ಎಂದರೆ ಎಣಿಕೆಯ ಮೊದಲ ಮಾತ್ರೆ. ಎರಡು ವರ್ಷದಿಂದ ನಾನು ಹುಡುಕುತ್ತಿದ್ದುದು ಇದೇ. ನಾನು ಕೈತಟ್ಟಿ ನೋಡಿದೆ. ಒಂದರ ಮೇಲೆ ತಟ್ಟಿದರೆ ಹಾಡು ಕೂತುಬಿಡುತ್ತದೆ. ಎರಡು, ನಾಲ್ಕರ ಮೇಲೆ ತಟ್ಟಿದರೆ ಎದ್ದು ನಡೆಯುತ್ತದೆ. ನಂಬಿಕೆ ಬರದಿದ್ದರೆ ನೀವೂ ಸುಮ್ನೆ ಒಮ್ಮೆ ತಟ್ಟಿ ನೋಡಿ.

ಇನ್ನೊಂದು ಮಾತನ್ನೂ ಕಾಕಾ ಹೇಳಿದರು. "ಡ್ರಮ್ಮಿನಂವ ಪಿಯಾನೋದಂವನ ಬಲಗೈ ಹಿಂದ ಹೊಂಟಾನ. ಸಾಥ್ ಅಂದ್ರ ಹಿಂಗಿರಬೇಕು." ಆಮೇಲೆ ರಿಕಾರ್ಡನ್ನು ಕೈಗೆ ತೆಗೆದುಕೊಂಡು ನಡುವಿನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು: "ಇದನ್ನ ಬಾರಿಸಿದಂವ ಯಾರು?"

ಅಣ್ಣ ಚೀಟಿಯ ಮೇಲಿದ್ದುದನ್ನೆಲ್ಲ ಓದಿದ. ಹಾಡಿದವನ ಹೆಸರು ಇತ್ತು, ಬರೆದವರ ಹೆಸರು ಇತ್ತು. ಡ್ರಮ್ ಬಾರಿಸಿದವನ ಹೆಸರು ಇರಲಿಲ್ಲ.

"ನಮ್ಮದೂ ಹಿಂಗ" ಅಂದರು ಕಾಕಾ. ಕಪಾಟಿನಿಂದ ತಮ್ಮ ರಿಕಾರ್ಡುಗಳನ್ನು ತೆಗೆದು ಒಂದೊಂದೇ ತೋರಿಸಿದರು. ಗಾಯಕರ ಹೆಸರು, ರಾಗದ ಹೆಸರು. ತಬಲಾದವರ ಹೆಸರು ಯಾವುದರ ಮೇಲೂ ಇಲ್ಲ. ಒಂದರಲ್ಲಿ ಬಾರಿಸಿದವರು ಯಾರು ಅಂತ ಕೈ ಕೇಳಿಯೇ ಗುರುತು ಹಿಡಿಯುತ್ತಿದ್ದೆ ಅಂದರು. ಆ ಮಧ್ಯಾಹ್ನ ಅವರ ರಿಕಾರ್ಡುಗಳನ್ನೂ ಹಚ್ಚಿದೆವು. ಗೆಳೆಯನ ಅಣ್ಣ ಕೇಸರಬಾಯಿಯನ್ನು ಕೇಳಿದ್ದು ಅದೇ ಮೊದಲು. ಸಂಜೆ ಕಾಕು ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಭಜಿ ಕೊಟ್ಟರು.

ಆಮೇಲಿನದು ಬೇಗ ಬೇಗ ಆಗಿಹೋಯಿತು. 1959ರ ಫೆಬ್ರವರಿ 3ರಂದು ಅಯೋವಾದಲ್ಲಿ ಸಣ್ಣ ವಿಮಾನ ಬಿದ್ದು ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಬಿಗ್ ಬಾಪರ್ ಎಂಬ ಮೂವರು ರಾಕ್ ಅಂಡ್ ರೋಲ್ ಹಾಡುಗಾರರು ಸತ್ತರು. ವ್ಯಾಲೆನ್ಸ್‌ಗೆ ಹದಿನೇಳು ವರ್ಷ, ನನ್ನ ವಯಸ್ಸು. ಕಾಲನಿಯ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಅಷ್ಟರಲ್ಲಿ ಎಲ್ವಿಸ್ ಸೈನ್ಯಕ್ಕೆ ಹೋಗಿದ್ದ. ರಿಚರ್ಡ್ ರಾಕ್ ಅಂಡ್ ರೋಲ್ ಬಿಟ್ಟು ದೇವರ ಕೆಲಸಕ್ಕೆ ತಿರುಗಿದ್ದ. ಕಾಲನಿಯ ಮನೆಗಳೂ ಒಂದೊಂದಾಗಿ ಖಾಲಿಯಾಗತೊಡಗಿದವು. ಬ್ರಿಟನ್ನಿನಲ್ಲಿ ಕಾಮನ್‌ವೆಲ್ತ್ ದೇಶದವರನ್ನು ತಡೆಯುವ ಕಾನೂನು ಬರುತ್ತದೆ ಎಂದು ಸುದ್ದಿ ಇತ್ತು. 1962ರಲ್ಲಿ ಅದು ಬಂದೂ ಬಂತು. ಅದಕ್ಕೆ ಮೊದಲೇ ಗೆಳೆಯನ ಮನೆಯವರು ಹೊರಟರು. ಆ ರಿಕಾರ್ಡು ಬಂದ ದಾರಿಯಲ್ಲೇ ಅವರ ಜೊತೆ ವಾಪಸ್ ಹೋಯಿತು. ಸ್ಟೇಷನ್ನಿಗೆ ಹೋಗಿದ್ದೆ. ಕಾಕಾ ಕೂಡ ಬಂದಿದ್ದರು. "ಹೆಸರು ಗೊತ್ತಾದ್ರ ಪತ್ರ ಬರೀಪಾ" ಅಂತ ಅಣ್ಣನಿಗೆ ಹೇಳಿದರು. ಕೆಲವು ವರ್ಷ ಪತ್ರ ಬಂದವು. ಹೆಸರು ಅವನಿಗೂ ಸಿಗಲಿಲ್ಲ.

ನನಗೆ ಸಿಕ್ಕಿದ್ದು 1990ರ ದಶಕದಲ್ಲಿ, ಕಾಕಾ ತೀರಿಕೊಂಡು ಬಹಳ ಕಾಲವಾದ ಮೇಲೆ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಅಂಗಡಿಯಲ್ಲಿ ಲಿಟಲ್ ರಿಚರ್ಡ್‌ನ ಹಾಡುಗಳ ಸಿ.ಡಿ. ಕೊಂಡೆ. ಅದರೊಳಗೆ ಸಣ್ಣ ಪುಸ್ತಕ. ಅದರಲ್ಲಿ ಪ್ರತಿ ಹಾಡಿಗೂ ಬಾರಿಸಿದವರ ಪಟ್ಟಿ. ಡ್ರಮ್: ಅರ್ಲ್ ಪಾಮರ್.

ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. ನ್ಯೂ ಆರ್ಲಿಯನ್ಸಿನವನು. ಐದನೇ ವಯಸ್ಸಿಗೇ ವೇದಿಕೆಯ ಮೇಲೆ ಟ್ಯಾಪ್ ಡ್ಯಾನ್ಸ್ ಮಾಡುತ್ತಿದ್ದ, ಲಯ ಅವನಿಗೆ ಮೊದಲು ಕಾಲಿಗೆ ಬಂದಿತ್ತು. ಕಾಸಿಮೊ ಮಟಾಸಾ ಎಂಬುವವರ ಸಣ್ಣ ಸ್ಟುಡಿಯೋದಲ್ಲಿ ದಿನಗೂಲಿಯ ಹಾಗೆ ಬಾರಿಸುತ್ತಿದ್ದ. 1949ರಲ್ಲಿ ಫ್ಯಾಟ್ಸ್ ಡೊಮಿನೊ ಮೊದಲ ರಿಕಾರ್ಡ್ ಮಾಡಿದಾಗ ಹಾಡಿನುದ್ದಕ್ಕೂ ಎರಡು, ನಾಲ್ಕರ ಮೇಲೆ ಪೆಟ್ಟು ಹಾಕಿದವನು ಅವನೇ. ರಿಚರ್ಡ್‌ನ ಹಾಡುಗಳ ಆ ನೇರ, ಒತ್ತಾದ ಲಯ ಎಲ್ಲಿಂದ ಬಂತು ಅಂತ ಕೇಳಿದವರಿಗೆ, ಪಿಯಾನೋದ ಮೇಲೆ ರಿಚರ್ಡ್‌ನ ಬಲಗೈ ಆಡುತ್ತಿದ್ದುದಕ್ಕೆ ಹೊಂದಿಸಲು ಹೋಗಿ ಬಂತು ಎಂದು ಅವನು ಹೇಳಿದ್ದಾನೆ. ಆ ಸಾಲು ಓದಿ ನಾನು ಎದ್ದು ನಿಂತೆ. ನಮ್ಮ ಪಡಸಾಲೆಯಲ್ಲಿ ಎಲೆ ಅಗಿಯುತ್ತ ಕೂತ ಕಾಕಾ ಅದೇ ಬಲಗೈ ತೋರಿಸಿದ್ದರಲ್ಲ!

1957ರಲ್ಲಿ ಅವನು ಲಾಸ್ ಏಂಜಲೀಸ್‌ಗೆ ಹೋದ. ಮರುವರ್ಷ ರಿಚಿ ವ್ಯಾಲೆನ್ಸ್ 'ಲಾ ಬಾಂಬಾ' ಹಾಡಿದಾಗಲೂ ಡ್ರಮ್ ಹಿಂದೆ ಕೂತವನು ಅವನೇ. ಅಂದರೆ ಕಾಲನಿಯ ಹುಡುಗಿಯರು ಯಾರಿಗಾಗಿ ಅತ್ತರೋ ಆ ಹುಡುಗನಿಗೂ ಸಾಥ್ ಕೊಟ್ಟಿದ್ದು ಈ ಕೈಯೇ. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವದ ಪಟ್ಟಿ ಮೊದಲ ಸಲ ಪಕ್ಕವಾದ್ಯದವರನ್ನೂ ಸೇರಿಸಿಕೊಂಡಿತು. ಆಗ ಅರ್ಲ್ ಪಾಮರ್‌ನ ಹೆಸರು ಸೇರಿತು. 2008ರಲ್ಲಿ ತೀರಿಕೊಂಡ.

ಹೆಸರು ಸಿಕ್ಕ ರಾತ್ರಿಯೇ ಕಾಕಾನ ಮಗನಿಗೆ ಫೋನ್ ಮಾಡಿದೆ. ಅವನು ಧಾರವಾಡದಲ್ಲಿ ತಬಲಾ ಕಲಿಸುತ್ತಾನೆ. ಸಿ.ಡಿ. ಕಳಿಸು ಅಂದ, ಕಳಿಸಿದೆ. ಈಗ ಸಾಥ್ ಕೊಡುವುದನ್ನು ಕಲಿಸುವ ದಿನ ಹುಡುಗರಿಗೆ ಅದನ್ನು ಕೇಳಿಸುತ್ತಾನೆ. ಮೊದಲು ಬಾರಿಸಿದವನ ಹೆಸರು ಹೇಳಿ, ಆಮೇಲೆ ಹಾಡು ಹಚ್ಚುತ್ತಾನೆ.